ರಿಸೆಪ್ಶನ್‌ಗೆ ವೈನ್ ಆರಿಸುವ ಮುಂಚೆ ಗ್ಲಾಸು ಎಣಿಸಿ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಮದುವೆ ರಿಸೆಪ್ಶನ್‌ಗೆ 120 ಜನ ಬರುತ್ತಾರೆ. ಸಂಜೆ ನಾಲ್ಕು ಗಂಟೆಗಳ ಕಾರ್ಯಕ್ರಮ. ಬಿಯರ್, ವಿಸ್ಕಿ ಇಲ್ಲ, ವೈನ್ ಮತ್ತು ಸ್ಪಾರ್ಕ್ಲಿಂಗ್ ವೈನ್ (ಗುಳ್ಳೆ ಏಳುವ ವೈನ್) ಮಾತ್ರ. ಎಷ್ಟು ಬಾಟಲಿ ತರಬೇಕು, ಯಾವುದು ತರಬೇಕು, ಟೋಸ್ಟ್‌ಗೆ, ಅಂದರೆ ಎಲ್ಲರೂ ಗ್ಲಾಸು ಎತ್ತಿ ಶುಭ ಹಾರೈಸುವಾಗ, ಶಾಂಪೇನ್ ಇಲ್ಲದಿದ್ದರೆ ಮರ್ಯಾದೆ ಹೋಗುತ್ತದಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗುವುದಿಲ್ಲ. ನಾನು ಕೆಲವು ವರ್ಷ ಕೇಟರಿಂಗ್‌ನವರ ಜೊತೆ ಡ್ರಿಂಕ್ಸ್ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಮದುವೆಯಲ್ಲಿ ಲೇಬಲ್ ಓದಿಕೊಂಡು ಕುಡಿಯುವವರು ತೀರಾ ಕಡಿಮೆ. ಟ್ರೇ ಬರುತ್ತದೆ, ಒಂದು ಗ್ಲಾಸು ಎತ್ತಿಕೊಳ್ಳುತ್ತಾರೆ, ನಿಲ್ಲಿಸಿದ್ದ ಮಾತು ಮುಂದುವರಿಸುತ್ತಾರೆ. ಅವರ ಗಮನಕ್ಕೆ ಬರುವುದು ಎರಡೇ ಸಂಗತಿ: ತಣ್ಣಗಿತ್ತಾ, ಕೊನೆವರೆಗೂ ಸಿಕ್ಕಿತಾ. ಹಾಗಾಗಿ ಯಾವ ಬಾಟಲಿ ಅನ್ನುವುದನ್ನು ಆಮೇಲೆ ನೋಡೋಣ. ಯಾವಾಗ ಸುರಿಯುತ್ತಾರೆ, ಎಷ್ಟು ಸುರಿಯುತ್ತಾರೆ, ಎಷ್ಟು ತಣ್ಣಗಿಡಲು ಆಗುತ್ತದೆ, ಇವು ಮೊದಲು.

ಲೆಕ್ಕ ಶುರು ಮಾಡುವುದು ಬರುವವರಿಂದ ಅಲ್ಲ, ಕುಡಿಯುವವರಿಂದ. 120ರಲ್ಲಿ ಮಕ್ಕಳನ್ನು, ವೈನ್ ಮುಟ್ಟದವರನ್ನು, ವಾಪಸ್ ಗಾಡಿ ಓಡಿಸಬೇಕಾದವರನ್ನು ಬಿಡಿ. ಎರಡೂ ಕಡೆಯ ಒಬ್ಬೊಬ್ಬರನ್ನು ಪಟ್ಟಿ ಮುಂದಿಟ್ಟು ಕೂರಿಸಿದರೆ ಹತ್ತು ನಿಮಿಷದಲ್ಲಿ ಅಂದಾಜು ಸಿಗುತ್ತದೆ. ಸದ್ಯಕ್ಕೆ 80 ಅಂತ ಇಟ್ಟುಕೊಳ್ಳೋಣ.

ಮಾಮೂಲಿ ಬಾಟಲಿ 750 ಮಿಲಿಲೀಟರ್. ಊಟದ ಜೊತೆಗಿನ ವೈನ್ ಒಂದು ಗ್ಲಾಸಿಗೆ 150 ಮಿಲಿ ಸುರಿದರೆ ಐದು ಗ್ಲಾಸು. ಸ್ಪಾರ್ಕ್ಲಿಂಗ್ ಅನ್ನು ಉದ್ದನೆಯ ಕಿರಿದಾದ ಗ್ಲಾಸಿಗೆ 125 ಮಿಲಿ ಹಾಕಿದರೆ ಆರು. ಬರೀ ಟೋಸ್ಟ್‌ಗೆ ಅಂತ 100 ಮಿಲಿ ಹಾಕಿದರೆ ಏಳು ಆಗುತ್ತದೆ, ತಳದಲ್ಲಿ ಒಂದು ಗುಟುಕು ಉಳಿಯುತ್ತದೆ. ಒಬ್ಬರು ಗಂಟೆಗೆ ಒಂದು ಗ್ಲಾಸು ಅನ್ನುವ ಅಂದಾಜು ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಮೊದಲ ಗಂಟೆ ಮಾತ್ರ ಬೇರೆ. ಜನ ಆಗತಾನೆ ಬಂದಿರುತ್ತಾರೆ, ನಿಂತುಕೊಂಡೇ ಇರುತ್ತಾರೆ, ಊಟ ಇನ್ನೂ ಶುರುವಾಗಿರುವುದಿಲ್ಲ, ಕೈಗೆ ಏನಾದರೂ ಬೇಕು. ಆ ಗಂಟೆಯಲ್ಲಿ ಎರಡು ಗ್ಲಾಸು ಹೋಗುತ್ತದೆ.

ಈಗ ನಿಮ್ಮ ಸಂಜೆಗೆ ಇದನ್ನು ಹಾಕಿ ನೋಡಿ. ಬಂದವರಿಗೆ ಸ್ವಾಗತಕ್ಕೊಂದು, ಟೋಸ್ಟ್‌ಗೊಂದು, ಎರಡೂ ಸ್ಪಾರ್ಕ್ಲಿಂಗ್ ಆದರೆ 160 ಗ್ಲಾಸು. ಅಂದರೆ 27 ಬಾಟಲಿ. ಉಳಿದ ಮೂರು ಗಂಟೆಗೆ ವೈನ್ 240 ಗ್ಲಾಸು, ಅಂದರೆ 48 ಬಾಟಲಿ. ಹನ್ನೆರಡರ ಕೇಸ್ ಲೆಕ್ಕದಲ್ಲಿ ಸರಿಯಾಗಿ ನಾಲ್ಕು ಕೇಸ್. ಸ್ಪಾರ್ಕ್ಲಿಂಗ್ ಬರೀ ಟೋಸ್ಟ್‌ಗೆ ಸಾಕು ಅಂದರೆ ಅದು 12 ಬಾಟಲಿಗೆ ಇಳಿಯುತ್ತದೆ, ಒಂದೆರಡು ಕೈಯಲ್ಲಿರಲಿ ಅಂತ 14 ತನ್ನಿ. ಆಗ ವೈನ್ ಬಾಟಲಿ ಅಷ್ಟೇ ಜಾಸ್ತಿ ಬೇಕಾಗುತ್ತದೆ. ಜನ ಕುಡಿಯುವ ಒಟ್ಟು ಪ್ರಮಾಣವೇನೂ ಬದಲಾಗುವುದಿಲ್ಲ, ಯಾವ ಬಾಟಲಿಯಿಂದ ಬರುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸ್ಪಾರ್ಕ್ಲಿಂಗ್ ಅನ್ನು ಸ್ವಾಗತಕ್ಕೇ ಕೊಡಿ. ಟೋಸ್ಟ್‌ನಲ್ಲಿ ಜನ ಒಂದು ಗುಟುಕು ಕುಡಿದು ಗ್ಲಾಸು ಮೇಜಿನ ಮೇಲಿಟ್ಟು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅದನ್ನು ಮರೆತೇ ಬಿಡುತ್ತಾರೆ. ಟೋಸ್ಟ್ ಮುಗಿದ ಮೇಲೆ ಅರ್ಧ ತುಂಬಿದ ಗ್ಲಾಸುಗಳನ್ನು ಟ್ರೇಗಟ್ಟಲೆ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದವರಿಗೆ ಇದು ಚೆನ್ನಾಗಿ ಗೊತ್ತು. ಅದೇ ಗ್ಲಾಸನ್ನು ಬಾಗಿಲಲ್ಲಿ ಕೊಟ್ಟರೆ ತಳ ಕಾಣುವವರೆಗೆ ಕುಡಿಯುತ್ತಾರೆ. ಟೋಸ್ಟ್ ಹೊತ್ತಿಗೆ ಕೈಯಲ್ಲಿ ಏನಿದೆಯೋ ಅದನ್ನೇ ಎತ್ತಲಿ, ತಪ್ಪೇನಿಲ್ಲ.

ಈಗ ಯಾವ ಸ್ಪಾರ್ಕ್ಲಿಂಗ್ ಅನ್ನುವುದು. ಶಾಂಪೇನ್ ಅಂದರೆ ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಮಾಡಿದ್ದು ಮಾತ್ರ. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿ ಗುಳ್ಳೆ ಹುಟ್ಟಿಸುತ್ತಾರೆ. ಲೇಬಲ್ ಮೇಲೆ ಕೊಯ್ಲಿನ ವರ್ಷ ನಮೂದಿಸದ ಸಾಮಾನ್ಯ ಶಾಂಪೇನ್ ಕೂಡ ಕಡಿಮೆ ಎಂದರೆ 15 ತಿಂಗಳು ಬಾಟಲಿಯಲ್ಲಿ ಮಲಗಿರಬೇಕು. ಆ ಕಾಯುವಿಕೆಗೂ ಆ ಹೆಸರಿಗೂ ಸೇರಿಸಿ ದುಡ್ಡು ಕೊಡುತ್ತೀರಿ. ಸ್ಪೇನಿನ ಕಾವಾ ಕೂಡ ಇದೇ ರೀತಿ ಬಾಟಲಿಯಲ್ಲೇ ಆಗುವುದು, ಕನಿಷ್ಠ 9 ತಿಂಗಳು. ಫ್ರಾನ್ಸಿನಲ್ಲೇ ಶಾಂಪೇನ್ ಬಿಟ್ಟು ಬೇರೆ ಕಡೆ, ಅಂದರೆ ಅಲ್ಸಾಸ್, ಲುವಾರ್, ಬರ್ಗಂಡಿ ಕಡೆ ಇದೇ ವಿಧಾನದಲ್ಲಿ ಮಾಡಿದ್ದಕ್ಕೆ ಕ್ರೆಮಾಂ ಅನ್ನುತ್ತಾರೆ. ದಕ್ಷಿಣ ಆಫ್ರಿಕಾದ್ದು ಕ್ಯಾಪ್ ಕ್ಲಾಸಿಕ್. ಬ್ರೆಡ್ಡು ಸುಟ್ಟಂಥ ಒಂದು ಘಮ, ಸಣ್ಣ ಗುಳ್ಳೆ, ಇವೆಲ್ಲ ಈ ಗುಂಪಿನಲ್ಲಿ ಸಿಗುತ್ತವೆ, ಬೆಲೆ ಸಾಮಾನ್ಯವಾಗಿ ಶಾಂಪೇನ್‌ಗಿಂತ ಎಷ್ಟೋ ಕೆಳಗೆ. ನಿಮ್ಮ ಮನಸ್ಸು ಶಾಂಪೇನ್ ಕಡೆಗೇ ಎಳೆಯುತ್ತಿದ್ದರೆ ಮೊದಲು ಒಂದು ಕ್ರೆಮಾಂ ಕುಡಿದು ನೋಡಿ.

ಇಟಲಿಯ ಪ್ರೊಸೆಕ್ಕೊ ಬೇರೆ ಜಾತಿ. ಅದರ ಮುಖ್ಯ ದ್ರಾಕ್ಷಿ ಗ್ಲೇರಾ. ಎರಡನೇ ಹುದುಗು ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಆಗುತ್ತದೆ. ಹಾಗಾಗಿ ಹಣ್ಣಿನ ರುಚಿ ಎದ್ದು ಕಾಣುತ್ತದೆ, ಹುಳಿ ಸ್ವಲ್ಪ ಮೆತ್ತಗಿರುತ್ತದೆ. ವೈನ್ ಅಭ್ಯಾಸ ಇಲ್ಲದವರು ಮುಖ ಕಿವಿಚದೆ ಕುಡಿಯುವುದು ಇದನ್ನೇ. ನಿಮ್ಮ ಕಡೆಯವರಲ್ಲಿ ಹೊಸಬರು ಜಾಸ್ತಿ ಇದ್ದರೆ ಕಣ್ಣು ಮುಚ್ಚಿ ಪ್ರೊಸೆಕ್ಕೊ ಕಡೆ ಹೋಗಿ.

ಲೇಬಲ್ ಮೇಲೆ ಒಂದೇ ಒಂದು ಸಂಗತಿ ಮಾತ್ರ ಸರಿಯಾಗಿ ನೋಡಲೇಬೇಕು, ಅದು ಸಿಹಿ. ಬ್ರೂಟ್ ಅಂತ ಇದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂತ ಇದ್ದರೆ ಇನ್ನೂ ಕಡಿಮೆ ಇರಬೇಕು ಅನ್ನಿಸುತ್ತದೆ, ಆದರೆ ಅದು ಬ್ರೂಟ್‌ಗಿಂತ ಸಿಹಿ, 12ರಿಂದ 17 ಗ್ರಾಂ. ಬರೀ ಡ್ರೈ ಅಂದರೆ 17ರಿಂದ 32. ಡೆಮಿ ಸೆಕ್ ಅಂದರೆ 32ರಿಂದ 50, ಅದು ನಿಜವಾಗಿಯೂ ಸಿಹಿಯೇ. ಈ ಗೊಂದಲದಲ್ಲಿ ತಪ್ಪು ಕೇಸ್ ಹೊತ್ತುಕೊಂಡು ಬಂದವರನ್ನು ಬಹಳ ನೋಡಿದ್ದೇನೆ. ಸ್ವಾಗತಕ್ಕೆ ಬ್ರೂಟ್ ಅಥವಾ ಎಕ್ಸ್‌ಟ್ರಾ ಡ್ರೈ ತನ್ನಿ. ಕೇಕ್ ಜೊತೆ ಕೊಡುವುದಾದರೆ ಮಾತ್ರ ಡೆಮಿ ಸೆಕ್ ಅಥವಾ ಇಟಲಿಯ ಆಸ್ತಿ (Asti) ಅನ್ನುವ ಸಿಹಿ ಸ್ಪಾರ್ಕ್ಲಿಂಗ್ ತನ್ನಿ. ಕೇಕ್ ತಿಂದ ಬಾಯಿಗೆ ಬ್ರೂಟ್ ಹಾಕಿದರೆ ಎಷ್ಟು ಒಳ್ಳೆಯ ಶಾಂಪೇನ್ ಆದರೂ ನಿಂಬೆಹುಳಿ ಹಿಂಡಿದ ಹಾಗೆಯೇ ಇರುತ್ತದೆ. ಕೇಕ್ ಕತ್ತರಿಸುವಾಗ ದುಬಾರಿ ಬ್ರೂಟ್ ಸುರಿಯುವ ಪದ್ಧತಿ ಯಾರು ತಂದರೋ ಗೊತ್ತಿಲ್ಲ.

ಗುಳ್ಳೆ ಇಲ್ಲದ ವೈನ್ ವಿಷಯ ಇಷ್ಟು ಕಷ್ಟವಿಲ್ಲ. ಒಂದು ವೈಟ್, ಒಂದು ರೆಡ್, ಸಾಕು. ನಾಲ್ಕು ಬಗೆ ಇಟ್ಟರೆ ನಾಲ್ಕರಲ್ಲೂ ಅರ್ಧರ್ಧ ಬಾಟಲಿ ಉಳಿಯುತ್ತದೆ, ಸುರಿಯುವವರಿಗೂ ತಲೆಬಿಸಿ. ವೈಟ್‌ನಲ್ಲಿ ಸೊವಿನ್ಯೊನ್ ಬ್ಲಾಂಕ್, ಪಿನೋ ಗ್ರಿಜಿಯೊ, ಚೆನಿನ್ ಬ್ಲಾಂಕ್ (ಇವು ದ್ರಾಕ್ಷಿ ತಳಿಗಳ ಹೆಸರು) ಯಾರಿಗೂ ತೊಂದರೆ ಕೊಡುವುದಿಲ್ಲ. ಮರದ ಪೀಪಾಯಿಯ ಘಾಟು ಜಾಸ್ತಿ ಇರುವ ಶಾರ್ಡೊನೆ ಬೇಡ, ಅದನ್ನು ಇಷ್ಟಪಡುವವರು ತುಂಬಾ ಇಷ್ಟಪಡುತ್ತಾರೆ, ಉಳಿದವರು ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ರೆಡ್‌ನಲ್ಲಿ ಒಗರು ಕಡಿಮೆ ಇರುವುದು ನೋಡಿ: ಮೆರ್ಲೋ, ಗ್ರೆನಾಷ್, ಪಿನೋ ನುವಾರ್. ಕಾಬರ್ನೆ ಸೊವಿನ್ಯೊನ್ ಒಳ್ಳೆಯದೇ, ಆದರೆ ಎಳೆಯದಾದರೆ ನಾಲಿಗೆ ಒಣಗಿಸುತ್ತದೆ. ಅಡುಗೆ ಖಾರವಾಗಿದ್ದರಂತೂ ಒಗರೂ ಆಲ್ಕೋಹಾಲೂ ಸೇರಿ ಖಾರವನ್ನು ಇನ್ನಷ್ಟು ಕೆರಳಿಸುತ್ತವೆ. ಖಾರದ ಊಟಕ್ಕೆ ಸ್ವಲ್ಪ ಸಿಹಿ ಇರುವ ರೀಸ್ಲಿಂಗ್ ಚೆನ್ನಾಗಿ ಹೊಂದುತ್ತದೆ. ಬಾಟಲಿಯ ಹಿಂದೆ ಆಲ್ಕೋಹಾಲ್ ಪ್ರಮಾಣ ನೋಡಿ. 12ರಿಂದ 13.5 ಶೇಕಡಾ ಇದ್ದರೆ ಸಂಜೆಯಿಡೀ ಕುಡಿಯಲು ಹಿತ. 15ರ ಹತ್ತಿರ ಹೋದರೆ ಎರಡನೇ ಗ್ಲಾಸಿಗೇ ಭಾಷಣಗಳು ಉದ್ದವಾಗುತ್ತವೆ.

ಎಷ್ಟು ವೈಟ್, ಎಷ್ಟು ರೆಡ್? ಬಿಸಿಲು, ಸೆಕೆ ಇದ್ದರೆ 48ರಲ್ಲಿ 30 ವೈಟ್, 18 ರೆಡ್. ಚಳಿಗಾಲದ ರಾತ್ರಿ ಆದರೆ ತಿರುಗುಮುರುಗು. ವೈಟ್ ಮತ್ತು ರೋಸೆ (ಗುಲಾಬಿ ಬಣ್ಣದ ವೈನ್) ಕೊಳ್ಳುವಾಗ ಆದಷ್ಟು ಇತ್ತೀಚಿನ ವರ್ಷದ ಕೊಯ್ಲಿನದ್ದೇ ಕೇಳಿ. ಮದುವೆಗೆ ತರುವ ಸಾಧಾರಣ ದರದ ವೈನ್ ಇಟ್ಟಷ್ಟೂ ಒಳ್ಳೆಯದಾಗುವ ಜಾತಿಯಲ್ಲ.

ಕೇಸ್‌ಗಟ್ಟಲೆ ಆರ್ಡರ್ ಕೊಡುವ ಮುಂಚೆ ಒಂದೊಂದು ಬಾಟಲಿ ತಂದು ರುಚಿ ನೋಡಲೇಬೇಕು. ಅದಕ್ಕೂ ಒಂದು ಕ್ರಮವಿದೆ. ಬಾಟಲಿಗಳಿಗೆ ಕಾಗದ ಸುತ್ತಿ ನಂಬರ್ ಹಾಕಿ. ವೈನ್ ಬಲ್ಲ ಸ್ನೇಹಿತ ಒಬ್ಬ ಸಾಕು, ಉಳಿದವರು ಅಪರೂಪಕ್ಕೆ ಕುಡಿಯುವವರಾಗಿರಲಿ, ನಿಮ್ಮ ಅತಿಥಿಗಳಲ್ಲಿ ಅವರೇ ತಾನೇ ಜಾಸ್ತಿ. ಅಂದು ಬಡಿಸುವ ಅಡುಗೆಯ ತರಹದ್ದೇ ಏನಾದರೂ ತಿನ್ನುತ್ತಾ ಕುಡಿಯಿರಿ. ಬರೀ ನಾಲಿಗೆಗೆ ಗೆದ್ದ ವೈನ್ ಊಟದ ಜೊತೆ ಸೋಲುವುದು ಮಾಮೂಲಿ. ಕಾಗದ ಬಿಚ್ಚಿದಾಗ ಎಲ್ಲಕ್ಕಿಂತ ಅಗ್ಗದ ಬಾಟಲಿ ಗೆದ್ದಿದ್ದರೆ ನಾಚಿಕೊಳ್ಳಬೇಡಿ, ಖುಷಿಪಡಿ.

ಅಂಗಡಿಯಲ್ಲಿ ದರಕ್ಕಿಂತ ಮೊದಲು ಕೇಳಬೇಕಾದದ್ದು ಇದು: ತೆರೆಯದೆ ಉಳಿದ ಬಾಟಲಿ ವಾಪಸ್ ತಗೊಳ್ತೀರಾ? ಕೆಲವು ಕಡೆ ಕಾನೂನೇ ಬಿಡುವುದಿಲ್ಲ, ಕೆಲವು ಕಡೆ ಪೂರ್ತಿ ಕೇಸ್ ಆದರೆ ಮಾತ್ರ ತಗೊಳ್ಳುತ್ತಾರೆ. ತಗೊಳ್ಳುತ್ತೇವೆ ಅಂದರೆ ರಸೀದಿ ಮೇಲೆ ಬರೆಸಿಕೊಳ್ಳಿ. ಹಾಗಿದ್ದಾಗ ಧೈರ್ಯವಾಗಿ ಒಂದು ಕೇಸ್ ಜಾಸ್ತಿ ತರಬಹುದು. ಇಲ್ಲಿ ಒಂದು ಸಣ್ಣ ವಿಷಯವಿದೆ, ಯಾರೂ ಮುಂಚೆ ಹೇಳುವುದಿಲ್ಲ. ಐಸ್ ನೀರಿನಲ್ಲಿ ಎರಡು ಗಂಟೆ ನೆನೆದ ಬಾಟಲಿಯ ಲೇಬಲ್ ಸುಕ್ಕುಗಟ್ಟಿ, ಅಂಚು ಎದ್ದು, ಕೈ ತಾಗಿದರೆ ಜಾರಿ ಬರುತ್ತದೆ. ಅಂಥ ಬಾಟಲಿಯನ್ನು ಅಂಗಡಿಯವರು ಮತ್ತೆ ಮಾರುವಂತಿಲ್ಲ, ಹಾಗಾಗಿ ವಾಪಸ್ ತಗೊಳ್ಳುವುದೂ ಇಲ್ಲ. ಒಂದು ಮದುವೆಯಲ್ಲಿ ಸರ್ವ್ ಮಾಡುವವರು ಉತ್ಸಾಹದಲ್ಲಿ ಇದ್ದಬದ್ದ ಬಾಟಲಿಗಳನ್ನೆಲ್ಲ ಒಟ್ಟಿಗೆ ಐಸಿಗೆ ಇಳಿಸಿಬಿಟ್ಟರು. ಕೊನೆಗೆ ಉಳಿದವು ಎರಡು ಕೇಸ್‌ನಷ್ಟು, ಒಂದೂ ವಾಪಸ್ ಹೋಗಲಿಲ್ಲ. ಆದ್ದರಿಂದ ಕಂತು ಕಂತಾಗಿ ಇಳಿಸಲು ಹೇಳಿ. ಒಂದು ಟಬ್ ಖಾಲಿಯಾಗುತ್ತಾ ಬಂದಾಗ ಮುಂದಿನದು.

ಜೊತೆಗೆ ಹಾಲ್‌ನವರನ್ನೂ ಈಗಲೇ ಕೇಳಿ. ಹೊರಗಿನ ಬಾಟಲಿ ಬಿಡುತ್ತಾರಾ, ಬಿಟ್ಟರೆ ಬಾಟಲಿಗೆ ಕಾರ್ಕೇಜ್ (ಹೊರಗಿನ ಬಾಟಲಿ ತೆರೆಯಲು ಹಾಲ್‌ನವರು ಹಾಕುವ ಶುಲ್ಕ) ಎಷ್ಟು, ಆ ದಿನಕ್ಕೆ ಲೈಸೆನ್ಸ್ ಬೇಕಾ, ಬೇಕಾದರೆ ಯಾರ ಹೆಸರಲ್ಲಿ. ಒಬ್ಬರು ಇಷ್ಟೇ ಬಾಟಲಿ ಇಟ್ಟುಕೊಳ್ಳಬಹುದು, ಸಾಗಿಸಬಹುದು ಅನ್ನುವ ಮಿತಿ ಹಲವು ಕಡೆ ಇದೆ. ನೀವು ಮಿತಿ ದಾಟುತ್ತೀರಾ ಅನ್ನುವುದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಇನ್ನೊಂದು, ಇಷ್ಟು ಬಾಟಲಿಗಳ ತೂಕ ಸುಲಭವಾಗಿ ನೂರು ಕೆಜಿ ಆಗುತ್ತದೆ. ಸ್ಪಾರ್ಕ್ಲಿಂಗ್ ಬಾಟಲಿಯ ಗಾಜು ದಪ್ಪ, ಒಂದೊಂದೇ ಒಂದೂವರೆ ಕೆಜಿ ದಾಟುತ್ತದೆ. ಮದುಮಗನ ಕಾರಿನ ಡಿಕ್ಕಿಯಲ್ಲಿ ತರುವ ಯೋಚನೆ ಬಿಡಿ, ಅಂಗಡಿಯವರೇ ಹಾಲ್‌ಗೆ ತಲುಪಿಸಲಿ. ಹಿಂದಿನ ದಿನವೇ ಬಂದರೆ ಇನ್ನೂ ಒಳ್ಳೆಯದು. ಕುಲುಕಾಡಿದ ಬಾಟಲಿ ಒಂದು ರಾತ್ರಿ ಸುಮ್ನೆ ನಿಂತಿದ್ದರೆ ತೆರೆಯುವಾಗ ಉಕ್ಕುವುದು ಕಡಿಮೆ.

ಈಗ ತಣ್ಣಗಿಡುವ ಕೆಲಸ. ಇಡೀ ಸಂಜೆಯ ಹಣೆಬರಹ ಇರುವುದು ಇಲ್ಲೇ, ಜನ ಉದಾಸೀನ ಮಾಡುವುದೂ ಇದನ್ನೇ. ಸ್ಪಾರ್ಕ್ಲಿಂಗ್ 6ರಿಂದ 10 ಡಿಗ್ರಿ, ವೈಟ್ 8ರಿಂದ 12 ಡಿಗ್ರಿಯಲ್ಲಿರಬೇಕು. ರೆಡ್ ಕೂಡ ಹೊರಗಿನ ಸೆಕೆಯಷ್ಟೇ ಬಿಸಿ ಇರಬಾರದು. 15ರಿಂದ 18 ಡಿಗ್ರಿ ಒಳ್ಳೆಯದು, ಹಾಗಾಗಿ ಸೆಕೆ ಇದ್ದರೆ ಕೊಡುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬೆಚ್ಚಗಿನ ಸ್ಪಾರ್ಕ್ಲಿಂಗ್ ಎಷ್ಟು ಬೆಲೆಯದಾದರೂ ದಂಡ. ತೆರೆದ ತಕ್ಷಣ ಅರ್ಧ ಬಾಟಲಿ ನೊರೆಯಾಗಿ ನೆಲಕ್ಕೆ ಹೋಗುತ್ತದೆ, ಉಳಿದದ್ದು ಗ್ಲಾಸಿನಲ್ಲಿ ಬೇಗ ಸಪ್ಪೆಯಾಗುತ್ತದೆ.

ಒಂದು ಬಾಟಲಿ ಫ್ರಿಜ್ಜಿನಲ್ಲಿ ತಣ್ಣಗಾಗಲು ಮೂರು ಗಂಟೆ ಸಾಕು. ಅದೇ ಫ್ರಿಜ್ಜಿಗೆ ಐವತ್ತು ಬಾಟಲಿ ತುಂಬಿದರೆ ರಾತ್ರಿಯಿಡೀ ಬೇಕು. ಹಾಲ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ದೊಡ್ಡ ಟಬ್ಬುಗಳೇ ಗತಿ. ಟಬ್ಬಿಗೆ ಬರೀ ಐಸು ಹಾಕಬೇಡಿ. ಐಸಿನ ತುಂಡುಗಳ ನಡುವೆ ಗಾಳಿ ಇರುತ್ತದೆ, ಅದು ತಣ್ಣಗೆ ಮಾಡುವುದು ನಿಧಾನ. ಅರ್ಧ ಐಸು, ಅರ್ಧ ನೀರು, ಬಾಟಲಿ ಕುತ್ತಿಗೆವರೆಗೆ ಮುಳುಗಬೇಕು. ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತದೆ. ಒಂದೆರಡು ಹಿಡಿ ಉಪ್ಪು ಹಾಕಿದರೆ ಇನ್ನೂ ಬೇಗ. ಲೆಕ್ಕ ಹಾಕಿದರೆ ಒಂದು ಬಾಟಲಿಯನ್ನು 25 ಡಿಗ್ರಿಯಿಂದ 7ಕ್ಕೆ ಇಳಿಸಲು ಕಾಲು ಕೆಜಿಯಷ್ಟು ಐಸು ಕರಗಿದರೆ ಸಾಕು. ಆದರೆ ಟಬ್ಬು, ಸುರಿದ ನೀರು, ಹೊರಗಿನ ಗಾಳಿ ಎಲ್ಲವೂ ತಮ್ಮ ಪಾಲು ಕೇಳುತ್ತವೆ. ಬಾಟಲಿಗೆ ಮುಕ್ಕಾಲು ಕೆಜಿ ಲೆಕ್ಕದಲ್ಲಿ ತರಿಸಿ. ಜ್ಯೂಸಿಗೆ, ನೀರಿಗೆ ಬೇಕಾದ ಐಸು ಬೇರೆ. ಫ್ರೀಜರ್‌ಗೆ ಮಾತ್ರ ಇಡಬೇಡಿ, ಗಡಿಬಿಡಿಯಲ್ಲಿ ಮರೆತರೆ ಬಾಟಲಿ ಒಡೆಯುತ್ತದೆ.

ತೆರೆಯುವುದನ್ನು ಸ್ನೇಹಿತರ ಕೈಗೆ ಕೊಟ್ಟು ಆಟ ಮಾಡಿಸಬೇಡಿ. ಶಾಂಪೇನ್ ತರಹದ ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದಕ್ಕಿಂತ ಎರಡು ಪಟ್ಟು ಜಾಸ್ತಿ. ಕಾರ್ಕು ಕಣ್ಣಿಗೆ ಬಡಿದು ದೃಷ್ಟಿ ಹೋದ ಉದಾಹರಣೆಗಳಿವೆ. ತಂತಿಯ ಕುಣಿಕೆಯನ್ನು ಆರು ಅರ್ಧ ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ಅಲ್ಲಿಂದ ಹೆಬ್ಬೆರಳು ಕಾರ್ಕಿನ ಮೇಲಿಂದ ಏಳಬಾರದು. ತಂತಿ ಪೂರ್ತಿ ತೆಗೆಯುವುದೂ ಬೇಡ, ಅದರ ಮೇಲೇ ಒಂದು ಬಟ್ಟೆ ಹಾಕಿ ಹಿಡಿಯಿರಿ. ಬಾಟಲಿಯನ್ನು ಓರೆ ಮಾಡಿ, ಯಾರೂ ಇಲ್ಲದ ಕಡೆಗೆ. ಕಾರ್ಕನ್ನು ಗಟ್ಟಿ ಹಿಡಿದು ಬಾಟಲಿಯ ತಳ ತಿರುಗಿಸಿ. ಕಾರ್ಕು ತಾನೇ ಮೇಲೆ ಬರಲು ನೋಡುತ್ತದೆ, ನೀವು ಅದನ್ನು ತಡೆಹಿಡಿಯುತ್ತಿರಬೇಕು. ಸರಿಯಾಗಿ ತೆರೆದರೆ ಢಂ ಅನ್ನುವುದಿಲ್ಲ, ಉಸ್ ಅನ್ನುತ್ತದೆ. ಫೋಟೋಗೆ ಢಂ ಬೇಕೇ ಬೇಕು ಅಂದರೆ ಬಯಲಿನಲ್ಲಿ ಒಂದೇ ಬಾಟಲಿ, ಅಗ್ಗದ್ದು.

ಸುರಿಯುವಾಗ ಗ್ಲಾಸನ್ನು ಸ್ವಲ್ಪ ಓರೆ ಹಿಡಿದು ಒಳಗೋಡೆಯ ಮೇಲೆ ಜಾರಿಸಿದರೆ ಗುಳ್ಳೆ ಜಾಸ್ತಿ ಉಳಿಯುತ್ತದೆ. ಫ್ರಾನ್ಸಿನ ರೀಮ್ಸ್ ವಿಶ್ವವಿದ್ಯಾಲಯದ ಜೆರಾರ್ಡ್ ಲಿಜೆ-ಬೆಲೇರ್ ಅವರ ತಂಡ ಇದನ್ನು 2010ರಲ್ಲಿ ಅಳೆದೇ ತೋರಿಸಿದೆ. ಎಂಬತ್ತು ಗ್ಲಾಸು ಒಂದೊಂದಾಗಿ ಓರೆ ಹಿಡಿಯಲು ಪುರುಸೊತ್ತು ಇರುವುದಿಲ್ಲ, ಒಪ್ಪುತ್ತೇನೆ. ಹಾಗಾದರೆ ಸಾಲಾಗಿ ಜೋಡಿಸಿ, ಮೊದಲು ಎಲ್ಲದಕ್ಕೂ ಎರಡೆರಡು ಬೆರಳಷ್ಟು ಹಾಕುತ್ತಾ ಹೋಗಿ, ನೊರೆ ಇಳಿದ ಮೇಲೆ ಎರಡನೇ ಸುತ್ತಿನಲ್ಲಿ ತುಂಬಿಸಿ. ಇಬ್ಬರು ಸುರಿದರೂ ಕಾಲು ಗಂಟೆ ಹಿಡಿಯುತ್ತದೆ. ಟೋಸ್ಟ್ ಇಷ್ಟು ಹೊತ್ತಿಗೆ ಅಂತ ಮೈಕ್ ಹಿಡಿಯುವವರಿಗೂ ಸುರಿಯುವವರಿಗೂ ಒಂದೇ ಸಮಯ ಗೊತ್ತಿರಲಿ. ಇಲ್ಲದಿದ್ದರೆ ಭಾಷಣ ಮುಗಿಯುವ ಹೊತ್ತಿಗೆ ಗ್ಲಾಸೇ ಬಂದಿರುವುದಿಲ್ಲ. ಅಥವಾ ಅರ್ಧ ಗಂಟೆ ಮುಂಚೆಯೇ ಬಂದು ಬೆಚ್ಚಗಾಗಿರುತ್ತದೆ.

ಬಾಡಿಗೆ ಗ್ಲಾಸು ತರಿಸುವುದಾದರೆ ಒಬ್ಬರಿಗೆ ಎರಡರ ಲೆಕ್ಕ. ಸೋಪು ಸರಿಯಾಗಿ ಹೋಗದ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ, ಒಂದು ಸಲ ಬಿಸಿನೀರಿನಲ್ಲಿ ಜಾಲಾಡಿಸಲು ಹೇಳಿ. ಗ್ಲಾಸುಗಳನ್ನು ಗೋಪುರದ ಹಾಗೆ ಜೋಡಿಸಿ ಮೇಲಿನಿಂದ ಸುರಿಯುವ ಆಸೆ ಇದ್ದರೆ, ನೋಡಲು ಚೆಂದ, ಕುಡಿಯಲು ಚೆಂದ ಅಲ್ಲ. ಗ್ಲಾಸಿನ ಹೊರಗೆಲ್ಲ ಅಂಟು ಅಂಟು.

ಕುಡಿಯದ ನಲವತ್ತು ಜನರನ್ನು ಮರೆಯಬೇಡಿ. ಅವರಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಜ್ಯೂಸು ಕೊಟ್ಟು, ಉಳಿದವರಿಗೆ ಉದ್ದನೆಯ ಗ್ಲಾಸು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಗುಳ್ಳೆ ಇರುವ ದ್ರಾಕ್ಷಿ ರಸ ಅಥವಾ ಆಲ್ಕೋಹಾಲ್ ತೆಗೆದ ಸ್ಪಾರ್ಕ್ಲಿಂಗ್ ತನ್ನಿ, ಅದೇ ಗ್ಲಾಸಿನಲ್ಲಿ, ಬೇರೆ ಟ್ರೇಯಲ್ಲಿ ಬರಲಿ. ಆಲ್ಕೋಹಾಲ್ ತೆಗೆದದ್ದರಲ್ಲಿಯೂ ಶೇಕಡಾ 0.5ರ ಒಳಗೆ ಚೂರು ಉಳಿದಿರಬಹುದು. ತೊಟ್ಟೂ ಬೇಡ ಅನ್ನುವವರಿಗೆ ದ್ರಾಕ್ಷಿ ರಸವೇ ಸರಿ. ನೀರಂತೂ ಎಲ್ಲ ಮೇಜಿನ ಮೇಲೂ ಇರಲಿ.

ಕೊನೆಯ ಗಂಟೆಯಲ್ಲಿ ಬಾಟಲಿ ತೆರೆಯುವ ಅಧಿಕಾರ ಒಬ್ಬರಿಗೇ ಕೊಡಿ. ಇಲ್ಲದಿದ್ದರೆ ನಾಲ್ಕು ಮೂಲೆಯಲ್ಲಿ ನಾಲ್ಕು ಜನ ಹೊಸ ಕಾರ್ಕು ಎಳೆಯುತ್ತಾರೆ, ಎಲ್ಲದರಲ್ಲೂ ಒಂದೊಂದು ಗ್ಲಾಸು ಮಾತ್ರ ಖಾಲಿ. ವೈಟ್‌ಗೆ, ರೆಡ್‌ಗೆ ಸ್ಕ್ರೂ ಮುಚ್ಚಳದ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ, ಕಾರ್ಕಿನಿಂದ ಬರುವ ಒದ್ದೆ ರಟ್ಟಿನ ವಾಸನೆಯ ಕಾಟವೂ ಇರುವುದಿಲ್ಲ, ಅರ್ಧ ಉಳಿದದ್ದನ್ನು ಮುಚ್ಚಿ ಮನೆಗೂ ಒಯ್ಯಬಹುದು.

ಹಾಲ್‌ನವರು ಕಾರ್ಕೇಜ್ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕೇಳಿ ಕಾಮೆಂಟಿನಲ್ಲಿ ತಿಳಿಸಿ. ಲೀಟರಿನ ಮೇಲಲ್ಲ, ಬಾಟಲಿಯ ಮೇಲೆ ಅನ್ನುವುದಾದರೆ ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿ ತಂದರೆ ಆ ಖರ್ಚು ಅರ್ಧಕ್ಕೆ ಇಳಿಯಬಹುದು. ಆದರೆ ಅದು ಎರಡು ಬಾಟಲಿಗೆ ಸಮ ಅನ್ನುವವರೂ ಇದ್ದಾರೆ, ಮೊದಲೇ ಕೇಳಿಬಿಡಿ.